ಮೂರನೇ ಕೌಂಟರಿನವನ ಕೋಟು

ಮೊದಲೇ ಕ್ಷಮಿಸಿಬಿಡಿ. ಪ್ರೀತಿಯ ಬಗ್ಗೆ ಬರೆಯುವಷ್ಟು ಓದಿದವಳಲ್ಲ ನಾನು. ಅದರಲ್ಲೂ ಈ ಕಥೆಯಲ್ಲಿ ಪ್ರೀತಿಗಿಂತ ಸೇಡೇ ಜಾಸ್ತಿ. ಎಲ್ಲಿ ತಪ್ಪಾಗಿ ಹೇಳಿಬಿಡುತ್ತೇನೋ ಎಂಬ ಅಳುಕು ಇದ್ದೇ ಇದೆ. ಆದರೂ ಹೇಳುತ್ತೇನೆ...

"ಸೈನ್ ಮ್ಯಾಚ್ ಆಗ್ತಿಲ್ಲ, ಮೇಡಂ."

ಗಾಜಿನ ಆಚೆ ಕೂತವನು ತಲೆ ಎತ್ತದೆಯೇ ಹೇಳಿದ. ಬ್ಯಾಂಕಿನ ಮೂರನೇ ಕೌಂಟರಿನವನು.

ಈಚೆ ನಿಂತಿದ್ದ ಹುಡುಗಿಗೆ ಮೈಯೆಲ್ಲ ಉರಿಯಿತು. ಪಕ್ಕದ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳು. ಪಕ್ಕದಲ್ಲಿ, ಗಾಲಿಕುರ್ಚಿಯಲ್ಲಿ ಅವಳ ಅಮ್ಮ. ಪಾರ್ಶ್ವವಾಯು ಬಡಿದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಹೇಗೆ ಮ್ಯಾಚ್ ಆಗತ್ತೆ ಸಾರ್? ಎಡಗೈಯಲ್ಲಿ ಹಾಕಿದ್ದಾರೆ. ಬಲಗೈ ಏಳಲ್ಲ, ಕಣ್ಣಿಗೆ ಕಾಣಲ್ವಾ?"

"ಹೆಬ್ಬೆಟ್ಟು ತಗೋಬಹುದು. ಆದ್ರೆ ಮ್ಯಾನೇಜರ್ ಒಪ್ಪಿಗೆ ಬೇಕು. ಅವರು ಮೀಟಿಂಗಲ್ಲಿದ್ದಾರೆ. ಮುಂದಿನ ವಾರ ಬನ್ನಿ."

ಮುಂದಿನ ವಾರ ಮ್ಯಾನೇಜರ್ ರಜೆ. ಅದರ ಮುಂದಿನ ವಾರ ಸರ್ವರ್ ಡೌನ್! ಅಷ್ಟರಲ್ಲಿ ಅಮ್ಮನ ಪಿಂಚಣಿ ಅಲ್ಲೇ ಸಿಕ್ಕಿಕೊಂಡು, ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ನರ್ಸ್ ಬರುವುದನ್ನೇ ಬಿಟ್ಟಳು. ಹೀಗೇ ಬಿಟ್ಟರೆ ಬೆರಳುಗಳು ಸೆಟೆದುಕೊಂಡುಬಿಡುತ್ತವೆ ಎಂದಿದ್ದರು ಡಾಕ್ಟರು.

"ಇನ್ನು ನಾನು ಬರಲ್ಲ ಕಣೇ," ಅಂದಳು ಅಮ್ಮ. "ಕಂಡವರ ಮುಂದೆಲ್ಲ ಈ ಕೈ ಎತ್ತಿ ತೋರಿಸಿ ಸಾಕಾಗಿದೆ."

ಆವತ್ತೇ ಮಗಳು ಹಲ್ಲು ಮಸೆದಳು. 'ನನ್ನ ಕೈಗೆ ಸಿಗದೆ ಎಲ್ಲಿಗೆ ಹೋಗ್ತಾನೆ ಇವನು!'

ಸಿಕ್ಕಿಯೇಬಿಟ್ಟ!

ಒಂದು ಮಧ್ಯಾಹ್ನ ಹಳೆಯ ಕೋಟೊಂದನ್ನು ಎದೆಗವಚಿಕೊಂಡು ಅವಳ ಅಂಗಡಿ ಹೊಕ್ಕ. ಅವಳನ್ನು ಕಂಡದ್ದೇ ಬಾಗಿಲಲ್ಲೇ ನಿಂತುಬಿಟ್ಟ.

"ಇದರ ಭುಜ, ತೋಳು ಸರಿ ಮಾಡಿಕೊಡ್ತೀರಾ? ಹೆಡ್ ಆಫೀಸಲ್ಲಿ ಪ್ರಮೋಷನ್ ಇಂಟರ್‌ವ್ಯೂ ಇದೆ..."

"ಟೋಕನ್ ತಗೊಳ್ಳಿ." ಅವಳು ಡಬ್ಬಿಯಿಂದ ಒಂದು ಗುಂಡಿ ತೆಗೆದು ಅವನ ಮುಂದೆ ಇಟ್ಟಳು.

"ಅಂಗಡೀಲಿ ಬೇರೆ ಯಾರೂ ಇಲ್ವಲ್ಲ?"

"ಆದ್ರೂ ತಗೊಳ್ಳಿ. ಕೂತ್ಕೊಳ್ಳಿ."

ಗುಂಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ತೆಪ್ಪಗೆ ಕೂತ. ಅವಳು ಬೇಕೆಂದೇ ಇನ್ನಾರದೋ ರವಿಕೆಗೆ ಕೊಕ್ಕೆ ಹಾಕುತ್ತಾ ಕಾಯಿಸಿದಳು. ಕೊನೆಗೆ ಟೇಪು ಹಿಡಿದು ಎದ್ದಳು.

"ಅಳತೆ ಮ್ಯಾಚ್ ಆಗ್ತಿಲ್ಲ, ಸಾರ್."

"ಹೇಗೆ ಆಗತ್ತೆ? ಕೋಟು ನಮ್ಮಪ್ಪಂದು."

"ಹಾಗಾದ್ರೆ ಅಪ್ಪನ್ನೇ ಕರ್ಕೊಂಡು ಬನ್ನಿ."

ಅವನು ತಲೆ ತಗ್ಗಿಸಿದ. "ಅವರಿಲ್ಲ."

ಅವಳೆದೆ ಚುರುಕ್ ಎಂದಿತು. ಆದರೆ ಅಮ್ಮನ ಕೈ ಕಣ್ಣಮುಂದೆ ಬಂತು. "ಮುಂದಿನ ವಾರ ಬನ್ನಿ," ಎಂದಳು.

ಬಂದ. ಮತ್ತೆ ಕಳಿಸಿದಳು. ಮತ್ತೆ ಬಂದ. 'ಒಂದು ಸಲ ರೇಗಬಾರದಾ ಇವನು? ರೇಗಿದ್ರೆ ನಂಗೆಷ್ಟು ಸಮಾಧಾನ!' ತೋಳಿನ ಅಳತೆ ತೆಗೆಯುವಾಗ ಅಂಕಿ ಮರೆತು ಎರಡೆರಡು ಸಲ ಅಳೆದಳು. ಸಿಟ್ಟಿಗೇ ಇರಬೇಕು... ಎಂದುಕೊಂಡಳು.

ಇಂಟರ್‌ವ್ಯೂ ದಿನ ಬೆಳಗ್ಗೆ ಕೋಟು ಕೊಟ್ಟಳು. ಭುಜ ಅಚ್ಚುಕಟ್ಟಾಗಿತ್ತು. ಬಲತೋಳನ್ನು ಮಾತ್ರ ನಾಲ್ಕು ಬೆರಳು ಮೇಲಕ್ಕೇರಿಸಿದ್ದಳು! ಅವನು ಅಲ್ಲೇ ತೊಟ್ಟ, ಕನ್ನಡಿ ಮುಂದೆ ಒಂದು ಗಳಿಗೆ ನಿಂತ, "ಥ್ಯಾಂಕ್ಸ್" ಎಂದು ಹೊರಟುಹೋದ.

'ನಿಲ್ಲು ಈಗ ನಾಲ್ಕು ಜನರ ಮುಂದೆ. ಆ ಕೈ ಎಲ್ಲಿ ಬಚ್ಚಿಟ್ಕೋತೀಯೋ ನೋಡೋಣ!'

ಸ್ವಲ್ಪ ಹೊತ್ತಿಗೆ ಅಮ್ಮನ ಫೋನು.

"ಲೇ, ಬ್ಯಾಂಕಿನ ಹುಡುಗ ಮನೆಗೇ ಬಂದಿದ್ದ ಕಣೇ! ಎಡಗೈ ಹೆಬ್ಬೆಟ್ಟು ಒತ್ತಿಸ್ಕೊಂಡ. ಇನ್ನು ಪಿಂಚಣಿ ಬರತ್ತಂತೆ. ಮ್ಯಾನೇಜರ್ ಹಿಂದೆ ಅಲೆದೂ ಅಲೆದೂ ನಿನ್ನೆ ಒಪ್ಪಿಗೆ ತಗೊಂಡನಂತೆ. ನನ್ನ ಬೆರಳಿನ ಮಸೀನೂ ತಾನೇ ಒರೆಸ್ದ. ಆದ್ರೆ ಪಾಪ, ಕೋಟಿನ ಒಂದು ತೋಳು ಮೇಲಕ್ಕೇರಿತ್ತು. ಯಾವ ದರಿದ್ರ ಕೈ ಹೊಲಿದಿದ್ದೋ!"

ಅವಳ ಕೈಯಿಂದ ಕತ್ತರಿ ಜಾರಿತು.

ಮರುಗಳಿಗೆ ಸೂಜಿ, ದಾರ, ಕತ್ತರಿ ಚೀಲಕ್ಕೆ ತುಂಬಿಕೊಂಡು ಓಡುತ್ತಿದ್ದಳು. ಬ್ಯಾಂಕಿನ ಹೆಡ್ ಆಫೀಸಿನ ಮೂರು ಮಹಡಿ ಹತ್ತುವಷ್ಟರಲ್ಲಿ ಉಸಿರೇ ಇರಲಿಲ್ಲ. ಒಳಗೆ ಕರೆಯುವುದನ್ನೇ ಕಾಯುತ್ತಾ ಅವನು ಬೆಂಚಿನ ಮೇಲೆ ಕೂತಿದ್ದ.

"ಕೈ ಕೊಡಿ!"

"ನೀವಾ...?"

"ಮಾತಾಡ್ಬೇಡಿ. ಕೈ ಕೊಡಿ ಅಂದ್ನಲ್ಲ!"

ಮಡಿಕೆಯ ಹೊಲಿಗೆ ಬಿಚ್ಚತೊಡಗಿದಳು. ಬಟ್ಟೆಯನ್ನು ಅವಳು ಕತ್ತರಿಸಿರಲಿಲ್ಲ. ಅಪ್ಪನ ಕೋಟಿಗೆ ಕತ್ತರಿ ಹಾಕಲು ಎಷ್ಟು ಸಿಟ್ಟಿದ್ದರೂ ಕೈ ಬಂದಿರಲಿಲ್ಲ.

"ನಿಮ್ಮ ಕನ್ನಡೀಲೇ ನೋಡಿದ್ದೆ," ಅವನು ಮೆಲ್ಲಗೆ ಅಂದ.

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನಿಮ್ಮಮ್ಮನ್ನ ಅಷ್ಟು ಸಲ ವಾಪಸ್ ಕಳಿಸಿದ್ದು ನಾನೇ ತಾನೇ? ಸಿಗಬೇಕಾದ್ದು ಸಿಕ್ತು ಅಂದ್ಕೊಂಡೆ."

"ಒಪ್ಪಿಗೆಗೆ ಓಡಾಡ್ತಿದೀನಿ ಅಂತ ಒಂದು ಮಾತು ಹೇಳಬಾರದಿತ್ತಾ?"

"ಸಿಗದೇ ಹೋಗಿದ್ರೆ? ಆಸೆ ತೋರಿಸಿ ಕೈಕೊಟ್ಟಂಗಾಗ್ತಿತ್ತು."

ಅವಳ ಕಣ್ಣು ಮಂಜಾಯಿತು. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ.

"ನಾನು ಕ್ಷಮೆ ಕೇಳಲ್ಲ. ಆವತ್ತು ತಲೆ ಎತ್ತಿ ಮಾತಾಡಿದ್ರೂ ಸಾಕಿತ್ತು ನಂಗೆ."

"ಎತ್ತಿದ್ರೆ ನಿಮ್ಮನ್ನ ನೋಡ್ಬೇಕಾಗ್ತಿತ್ತು... ಒಂದು ಸಲ ನೋಡಿದ್ದೆ. ಇನ್ನೊಂದು ಸಲ ನೋಡಿದ್ರೆ, 'ಆಗಲ್ಲ' ಅನ್ನೋಕೆ ನನ್ನ ಕೈಲಿ ಆಗ್ತಿರಲಿಲ್ಲ."

ಒಳಗಿನಿಂದ ಯಾರೋ ಅವನನ್ನು ಕರೆದರು. ಅವಳು ಗಡಿಬಿಡಿಯಲ್ಲಿ ಕೊನೆಯ ಹೊಲಿಗೆ ಹಾಕಿದಳು.

"ಅಯ್ಯಪ್ಪಾ! ಬೇಕಂತಲೇ ಚುಚ್ಚಿದ್ರಾ?"

ಅವಳು ದಾರ ಕತ್ತರಿಸಿ, ಅವನ ತೋಳನ್ನು ನೇವರಿಸಿ ಸರಿಮಾಡಿದಳು. "ಸಂಜೆ ಅಂಗಡಿ ಹತ್ರ ಬನ್ನಿ, ಹೇಳ್ತೀನಿ. ಆದ್ರೆ ಕಾಯಿಸ್ತೀನಿ. ನನ್ನ ಸೇಡು ಇನ್ನೂ ಮುಗಿದಿಲ್ಲ."

"ಮುಗಿಯೋದು ಬೇಡ," ಅಂದ ಅವನು. "ಕಾಯ್ತೀನಿ."

ಅವನಿಗೆ ಆ ಪ್ರಮೋಷನ್ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಸೂಜಿ ಕೈತಪ್ಪಿ ಚುಚ್ಚಿತೋ, ಅವಳು ಬೇಕೆಂದೇ ಚುಚ್ಚಿದಳೋ, ಅದೂ ಗೊತ್ತಿಲ್ಲ.