ನೆಲ ಅದುರಿದಾಗ ನಕ್ಕವಳು

“ತಲೆ ತಗ್ಸು! ಕೆಳಕ್ಕೆ ಬೀಳು!”

ಹೆಣ್ಣು ನೋಡಲು ಬಂದ ಗಂಡಿನ ಬಾಯಿಂದ ಹೊರಟ ಮೊದಲ ಮಾತು ಅದು!

ಕಾಫಿ ಲೋಟ ಹಿಡಿದು ನಿಂತಿದ್ದ ಅನಸೂಯಳನ್ನು ಮಂಚದ ಕೆಳಗೆ ಎಳೆದುಕೊಂಡು ಆದಿನಾರಾಯಣ ಬೋರಲು ಬಿದ್ದುಬಿಟ್ಟ. ಬಿಸಿ ಕಾಫಿ ಅವನ ಬಿಳಿ ಅಂಗಿಯ ಮೇಲೆಲ್ಲ ಚೆಲ್ಲಿತು.

ಆಗಿದ್ದಾದರೂ ಏನು? ಗಣಿಯ ಆಳದಲ್ಲಿ ಎಲ್ಲೋ ಬಂಡೆ ಸಿಡಿದು ಮೇಲಿನ ನೆಲ ಗಡಗಡ ಅದುರಿತ್ತು, ಗೂಡಿನ ಪಾತ್ರೆಗಳು ಝಣಗುಟ್ಟಿದ್ದವು. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಲ್ಲಿ ಇದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಬಂಗಾರಪೇಟೆ ಕಡೆಯ ಈ ಗಂಡು ಚೀನಾ ಯುದ್ಧದಿಂದ ಹೇಗೋ ಜೀವ ಉಳಿಸಿಕೊಂಡು ಬಂದ ಸಿಪಾಯಿ. ಅವನ ಮೈ ಗಡಗಡ ನಡುಗುತ್ತಿತ್ತು.

ಆಗಲೇ ಅನಸೂಯ ನಕ್ಕಳು. ಜೋರಾಗಿ... ತಡೆಯಲಾಗದೆ ನಕ್ಕಳು!

ಬಂದವರೆಲ್ಲ ದಂಗುಬಡಿದು ಕೂತರು. ಆದಿನಾರಾಯಣ ನಿಧಾನವಾಗಿ ಎದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

“ನಗಮ್ಮ... ನಗು. ಊರೆಲ್ಲ ನಗ್ತೈತೆ, ನೀನೊಬ್ಳು ಬಾಕಿ ಇದ್ದೆ.”

ಹೊರಟೇ ಹೋದ.

‘ಅಯ್ಯೋ ದೇವರೇ, ನಾನ್ಯಾಕೆ ನಕ್ಕೆ?’ ಅನಸೂಯಳಿಗೆ ತನ್ನ ಬಾಯಿಯ ಮೇಲೇ ಸಿಟ್ಟು ಬಂತು. ಮಂಚದ ಕೆಳಗೆ ಅವನು ಕೈ ಅಡ್ಡ ಹಿಡಿದದ್ದು ತನ್ನ ತಲೆಗಲ್ಲ, ಅವಳ ತಲೆಗೆ! ಅಂಥವನನ್ನು ನೋಡಿ ನಗುವುದೇ? ಆ ಕೈಯ ಬಿಸಿ ಇನ್ನೂ ಅವಳ ನೆತ್ತಿಯ ಮೇಲೆ ಇದ್ದ ಹಾಗೇ ಇತ್ತು.

ಸಂಬಂಧ ಮುರಿಯಿತು. “ಹುಚ್ಚರ ಡಾಕ್ಟ್ರ ತಾವ ಓಗ್ತಾನಂತೆ ಕಣೇ, ತಪ್ಪೋಗಿದ್ದೇ ಒಳ್ಳೇದಾಯ್ತು,” ಎಂದಳು ತಾಯಿ ಓಬಳಮ್ಮ. ಅನಸೂಯ ಸೆರಗು ಬಾಯಿಗೆ ತುಂಬಿಕೊಂಡು ಒಳಗೆ ಹೋಗಿಬಿಟ್ಟಳು.

ಕೆಲವು ವಾರಗಳಾದ ಮೇಲೆ, ಮಗಳನ್ನು ಕರೆದುಕೊಂಡು ಒಮ್ಮೆ ಬನ್ನಿ ಎಂದು ಬಂಗಾರಪೇಟೆಯಿಂದ ಕರೆ ಬಂತು. ಕರೆದದ್ದು ಯಾರು ಗೊತ್ತೇ? ಅದೇ ‘ಹುಚ್ಚರ ಡಾಕ್ಟ್ರು’ ಕುಪ್ಪುಸ್ವಾಮಿ!

ಮಿಲಿಟರಿಯಿಂದ ನಿವೃತ್ತರಾದ ಮುದುಕರು ಅವರು. ರೈಲ್ವೆ ಸ್ಟೇಷನ್ ಹಿಂದೆ ಪುಟ್ಟ ಕೋಣೆ. ಯುದ್ಧ ಕಂಡು ಬೆದರಿದವರಿಗೆ ಮಾತ್ರೆಯಿಲ್ಲ, ಸೂಜಿಯಿಲ್ಲ. ವಾರಕ್ಕೊಮ್ಮೆ ಎದುರಿಗೆ ಕೂರಿಸಿಕೊಂಡು ಮಾತಾಡಿಸುವುದು, ಅಷ್ಟೇ. ಕೆಲವೇ ವಾರ ಸಾಕು ಎನ್ನುತ್ತಿದ್ದರು.

ಡಾಕ್ಟರ ಮಾತು ತೆಗೆದುಹಾಕಲಾರದೆ ಬಂದ ತಾಯಿ ಮಗಳು ಒಳಗೆ ಕಾಲಿಟ್ಟರೆ, ಬೆಂಚಿನ ಮೇಲೆ ಆದಿನಾರಾಯಣ!

“ಇದು ಇವನ ಕೊನೇ ವಾರಮ್ಮಾ,” ಎಂದರು ಡಾಕ್ಟರು. “ಯಾರ ಮುಂದೆ ಬಾಯಿ ಬಿಡೋಕೆ ತುಂಬಾ ಭಯಾನೋ, ಅವರ ಮುಂದೆ ಹೇಳಪ್ಪಾ ಅಂದೆ. ನಿನ್ನ ಹೆಸರು ಹೇಳ್ದ.”

ಅನಸೂಯ ತಟ್ಟನೆ ತಾಯಿಯ ಕಡೆ ತಿರುಗಿದಳು. ‘ನನ್ನ ಹೆಸರೇ?’

ಆದಿನಾರಾಯಣ ನೆಲ ನೋಡುತ್ತಾ ಶುರುಮಾಡಿದ. “ಗುಡ್ಡದ ಮೇಲೆ ಇದ್ವಿ. ಶೆಲ್ ಬಿತ್ತು, ನೆಲ ಅದುರ್ತು. ನಾನು ಬಗ್ಗಿದೆ... ಪಕ್ಕದಲ್ಲೇ ಇದ್ದ ನನ್ನ ಗೆಳೆಯ ಬೈರಪ್ಪ ಬಗ್ಗಲಿಲ್ಲ. ಅವನ ತಲೆ ತಗ್ಗಿಸೋಕೆ ನನ್ನ ಕೈ ಓಗ್ಲೇ ಇಲ್ಲ... ಅದಕ್ಕೇ ಅವತ್ತು ನಿನ್ನ...”

ಅಂಗೈಯಿಂದ ಮುಖ ಒರೆಸಿಕೊಂಡ.

ಅಷ್ಟರಲ್ಲಿ... ಢಣ್! ಹೊರಗೆ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಬಡಿದವು. ನೆಲ ಅದುರಿತು. ಆದಿನಾರಾಯಣ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದ. ಬೀಳಲಿಲ್ಲ!

ಅನಸೂಯ ಮಾತ್ರ... ಮತ್ತೆ ಗಹಗಹಿಸಿ ನಕ್ಕಳು!

“ಥೂ ನಿನ್ ಮಕ ಮುಚ್ಚ!” ಓಬಳಮ್ಮ ಕೈ ಎತ್ತಿದಳು.

ಡಾಕ್ಟರು ತಡೆದರು. “ಇರಮ್ಮಾ. ಮಗೂ, ನಗ್ತಾ ಇದ್ದೀಯ... ಕಣ್ಣಲ್ಲಿ ನೀರು ಯಾಕೆ?”

ಅನಸೂಯ ಕೆನ್ನೆ ಮುಟ್ಟಿ ನೋಡಿಕೊಂಡಳು. ಹೌದಲ್ಲ, ಒದ್ದೆ!

“ಸಣ್ಣೋಳಿದ್ದಾಗ... ನೆಲ ಅದುರಿದ್ರೆ ಅವ್ವ ಕಚಗುಳಿ ಇಕ್ಕಿ ನಗಿಸ್ತಿದ್ಲು. ನಗು, ಭಯ ಓಡೋಯ್ತದೆ ಅಂತಿದ್ಲು. ನಮ್ಮ ಗಣಿ ಕೂಲಿಗಳ ಲೈನ್ ಮನೆಗಳಲ್ಲಿ ತಾಯಂದಿರೆಲ್ಲ ಹಂಗೇ. ಅಪ್ಪ ಗಣಿಯೊಳ್ಗೆ ಸಿಕ್ಕೊಂಡ ದಿನಾನೂ ನೆಲ ಅದುರ್ತು. ಅವತ್ತೂ ನಕ್ಕಿದ್ದೆ... ಅಪ್ಪ ಬರಲೇ ಇಲ್ಲ. ಆವಾಗಿಂದ ಎದರಿಕೆ ಆದ್ರೆ ನಗುವೇ ಬರೋದು... ಅಳು ಬರಲ್ಲ...”

ಓಬಳಮ್ಮ ಸಿಡಿಲು ಬಡಿದವಳಂತೆ ನಿಂತಳು. “ನನ್ನ ಕಂದಾ... ನಾನೇ ಕಲಿಸ್ದೆನಲ್ಲೇ!”

ಆದಿನಾರಾಯಣ ತಲೆ ಎತ್ತಿದ. ಇಷ್ಟು ದಿನ ಚುಚ್ಚುತ್ತಿದ್ದ ಆ ನಗು ಇದೇನಾ?

“ಅವತ್ತು ಮಂಚದ ಕೆಳಗೆ... ನಿಂಗೂ ಎದರಿಕೆ ಆಗಿತ್ತಾ?”

“ಹೂಂ... ನಿಮಗಿಂತ ಜಾಸ್ತಿ.”

“ನಾನು ಇಡೀ ದಿನ ನಿನ್ನ ಬೈಕೊಂಡೆ ಕಣೇ. ರಾತ್ರಿ ಕಣ್ಮುಚ್ಚಿದ್ರೂ ನೀನೇ.”

ಡಾಕ್ಟರು ಕನ್ನಡಕ ಒರೆಸಿಕೊಂಡು ಎದ್ದರು. “ಓಬಳಮ್ಮಾ, ಬನ್ನಿ, ಹೊರಗೆ ಕಾಫಿ ಕುಡಿಯೋಣ. ಇನ್ಮೇಲೆ ನನ್ನ ಕೆಲಸ ಇಲ್ಲಿ ಇಲ್ಲ.”

ಬೆಂಚಿನ ಮೇಲೆ ಇಬ್ಬರೇ. ಅನಸೂಯ ತನ್ನ ಕೈಯನ್ನು ಬೆಂಚಿನ ಅಂಚಿಗೆ ಸರಿಸಿದಳು. ಅವನ ಕೈಯೂ ಅಲ್ಲೇ ಇತ್ತು. ಎರಡೂ ಸೇರಿಕೊಂಡವು.

“ಮದ್ವೆ ಆದ್ಮೇಲೂ ನೆಲ ಅದುರ್ತದೆ,” ಎಂದಳು ಅವಳು ಮೆಲ್ಲಗೆ.

“ಅದುರ್ಲಿ. ನಾನು ಮಂಚದ ಕೆಳಗೆ ಓಗ್ತೀನಿ.”

“ನಾನೂ ಬತ್ತೀನಿ... ಜಾಗ ಬಿಡಿ.”

“ನಗ್ತೀಯಾ?”

ಅವಳ ತುಟಿ ಅದುರಿತು. ಅಪ್ಪ ಹೋದ ದಿನದಿಂದ ಬಾರದಿದ್ದ ಅಳು, ಈಗ ಅವನ ಭುಜದ ಮೇಲೆ ಉಕ್ಕಿ ಬಂತು.

“ಅಳ್ತೀನಿ,” ಎಂದಳು. “ನೀವಿದ್ರೆ ಅಳ್ತೀನಿ.”