ತಾತನ ಕಾಲದ ಹೆಸರು

ಪತ್ರಿಕಾ ಕಚೇರಿಯ ಜಾಹೀರಾತು ಕೌಂಟರಿನಲ್ಲಿ ಒಂದು ನಿಯಮವಿತ್ತು: ಗಿರಾಕಿ ಬರೆದುಕೊಟ್ಟದ್ದನ್ನು ಅವರ ಮುಂದೆಯೇ ಗಟ್ಟಿಯಾಗಿ ಓದಬೇಕು. ಅಚ್ಚಾದ ಮೇಲೆ ತಪ್ಪಿದೆ ಅಂತ ಯಾರೂ ಜಗಳಕ್ಕೆ ಬರಬಾರದಲ್ಲ! ಹಾಗೆ ಓದಲು ಹೋಗಿಯೇ ಕೌಂಟರಿನಲ್ಲಿ ಕೂರುತ್ತಿದ್ದ ಅವಳು ಕೆಟ್ಟಳು.

ಹೆಸರು ಬದಲಾವಣೆಯ ಫಾರಂ ಹಿಡಿದು ಬಂದವನು ಎದುರು ರಸ್ತೆಯ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗ. ಅವಳು ಹೆಸರು ಓದಿದಳು. ಅವನು ತಟ್ಟನೆ ತಲೆಯೆತ್ತಿದ.

"ಇನ್ನೊಂದ್ಸಲ ಓದ್ತೀರಾ?"

"ಯಾಕೆ, ತಪ್ಪಾಯ್ತಾ?"

"ಇಲ್ಲ, ನಗದೆ ಓದಿದ್ರಲ್ಲ, ಅದಕ್ಕೆ. ಸ್ಕೂಲಲ್ಲಿ ಹಾಜರಿ ಕೂಗುವಾಗ ನನ್ನ ಹೆಸರು ಬಂದ್ರೆ ಸಾಕು, ಇಡೀ ಕ್ಲಾಸು ಮುದುಕರ ಥರ ಕೆಮ್ಮೋದು. ಈಗ್ಲೂ ಫ್ರೆಂಡ್ಸೆಲ್ಲ ನನ್ನ ತಾತ ಅಂತಾನೇ ಕರೆಯೋದು."

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು. ಅವನು ಅದನ್ನೂ ನೋಡಿಬಿಟ್ಟ. ಕಣ್ಣು ನೋಡುವುದೇ ಕಸುಬಾದವನಿಂದ ಏನು ತಾನೇ ಮುಚ್ಚಿಡಲಾದೀತು!

"ನಕ್ಬಿಡಿ, ಪರವಾಗಿಲ್ಲ."

"ಚೆನ್ನಾಗಿದೆ ಕಣ್ರೀ ಹೆಸರು. ಅರ್ಥ ಏನು?"

"ಯಾರಿಗ್ಗೊತ್ತು? ತಾತನ ಹೆಸರು, ತಂದು ನನ್ನ ತಲೆಗೆ ಕಟ್ಟಿದ್ರು."

"ಒಂದು ವಾರ ಬಿಟ್ಟು ಬನ್ನಿ. ತಿಳ್ಕೊಂಡಿರ್ತೀನಿ."

ಕಚೇರಿಯ ಪ್ರೂಫ್ ನೋಡುವ ಅಜ್ಜ ಅವಳಿಗಾಗಿ ಮೂರು ದಪ್ಪ ನಿಘಂಟು ಜಾಲಾಡಿದರು. ಅದು ದೋಣಿಯವರ ಹೆಸರಂತೆ. ಕತ್ತಲಾಗುವ ಹೊತ್ತಿಗೆ ಒಬ್ಬ ದೀಪ ಹಿಡಿದು ದಡದಲ್ಲಿ ನಿಲ್ಲುತ್ತಿದ್ದ, ಕೊನೆಯ ದೋಣಿ ಬಂದ ಮೇಲೇ ಅವನು ಮನೆಗೆ ಹೋಗುವುದು. ಅವನನ್ನು ಹಾಗೆ ಕರೆಯುತ್ತಿದ್ದರು. ಒಂದು ಕಾಲಕ್ಕೆ ನದಿಯ ಪಕ್ಕದಲ್ಲಿ ಮನೆಗೊಬ್ಬ ಗಂಡುಮಗುವಿಗೆ ಅದೇ ಹೆಸರು. ಸೇತುವೆ ಬಂತು, ದೋಣಿ ಹೋಯಿತು, ಹೆಸರೂ ಮುದಿಯಾಯಿತು.

"ಎಲ್ಲರೂ ದಡ ಸೇರೋ ತನಕ ದೀಪ ಹಿಡ್ಕೊಂಡು ನಿಂತಿರೋನು," ಎಂದಳು ಮುಂದಿನ ವಾರ. "ಅದು ನೀವು."

ಅವನು ಫಾರಮನ್ನು ನೀಟಾಗಿ ನಾಲ್ಕು ಚೂರು ಮಾಡಿದ. "ಹಾಗಾದ್ರೆ ನೀವೇ ಕರೀತಿರಿ," ಎಂದ. ಕಿವಿ ಕೆಂಪಾಗಿತ್ತು.

ಆಮೇಲೆ ನಾಲ್ಕು ವರ್ಷ ಆ ಹೆಸರು ಹಿಡಿದು ಅವನನ್ನು ಕರೆದವಳು ಅವಳೊಬ್ಬಳೇ. ಅಂಗಡಿಯಲ್ಲಿ ಗಿರಾಕಿಗಳಿಲ್ಲದಾಗ ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, "ಕೊನೇ ಸಾಲು ಓದು" ಎನ್ನುತ್ತಿದ್ದ. ಅವಳು ಬೋರ್ಡು ನೋಡದೆ ಅವನ ಹೆಸರು ಹೇಳುತ್ತಿದ್ದಳು.

"ಅಯ್ಯೋ ಪಾಪ, ಕಣ್ಣು ಪೂರ್ತಿ ಹೋಗಿದೆ."

"ಹೋಗ್ಲಿ ಬಿಡು, ನೀನಿದ್ದೀಯಲ್ಲ."

ಐದನೇ ವರ್ಷ ಅವನು ಮತ್ತೆ ಫಾರಂ ಹಿಡಿದು ಕೌಂಟರಿಗೆ ಬಂದ. ಅವಳಿಗೆ ತಮಾಷೆ ಅನ್ನಿಸಿತು.

"ಏನು, ಮತ್ತೆ ಯಾರಾದ್ರೂ ಕೆಮ್ಮಿದ್ರಾ?"

ಅವನು ನಗಲಿಲ್ಲ. "ಅಂಗಡಿ ಓನರ್ ಮಗಳು... ಮನೇಲಿ ಎಲ್ಲ ಒಪ್ಕೊಂಡ್ಬಿಟ್ರು. ಅವಳಿಗೆ ಈ ಹೆಸರು ಹಿಡಿಸಲ್ಲ. ಮದುವೆ ಕಾರ್ಡ್ ಪ್ರಿಂಟ್ ಆಗೋಕೆ ಮುಂಚೆ..."

ತನ್ನ ಪ್ರೀತಿ ಮುಗಿದ ಸುದ್ದಿ ಅವಳಿಗೆ ತಿಳಿದದ್ದು ಹೀಗೆ, ಕೌಂಟರಿನ ಮೇಲೆ. ಆದರೂ ನಿಯಮ ನಿಯಮವೇ. ಹಳೆಯ ಹೆಸರು, ಹೊಸ ಹೆಸರು, ಎರಡನ್ನೂ ಗಟ್ಟಿಯಾಗಿ ಓದಿದಳು. ಒಂದಕ್ಷರ ತಪ್ಪಲಿಲ್ಲ. ಮನೆಗೆ ಹೋದ ಮೇಲೆಯೇ ಅತ್ತಳು.

ಒಂಬತ್ತು ವರ್ಷ ಕಳೆಯಿತು. ಕಾಲದ ಆಟ ನೋಡಿ! ಯಾವುದೋ ಧಾರಾವಾಹಿಯ ನಾಯಕನಿಗೆ ಆ ಹೆಸರಿಟ್ಟರು, ಹುಡುಗ ಚೆಂದಗಿದ್ದ, ಊರಿಗೆ ಊರೇ ಮರುಳಾಯಿತು. ಹುಟ್ಟುಹಬ್ಬದ ಶುಭಾಶಯಕ್ಕೆ ಬರುವ ಮಕ್ಕಳ ಫೋಟೋಗಳಲ್ಲಿ ವಾರಕ್ಕೆ ನಾಲ್ಕಾದರೂ ಅದೇ ಹೆಸರು. ಪ್ರತಿ ಸಲವೂ ನಿಯಮದಂತೆ ಗಟ್ಟಿಯಾಗಿ ಓದುತ್ತಿದ್ದಳು. ಅರ್ಥವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಪ್ರೂಫಿನ ಅಜ್ಜ ತೀರಿಕೊಂಡಿದ್ದರು. ಅವನದೂ ತನ್ನದೂ ಅಂತ ಅವಳ ಹತ್ತಿರ ಉಳಿದದ್ದು ಆ ಅರ್ಥವೊಂದೇ.

ಒಂದು ಮಧ್ಯಾಹ್ನ ಸಾಲಿನಲ್ಲಿ ಅವನು ನಿಂತಿದ್ದ. ಕೂದಲು ತೆಳುವಾಗಿತ್ತು.

"ಚೆನ್ನಾಗಿದೀಯಾ?"

"ಫಾರಂ ಕೊಡಿ ಸರ್."

"ಮತ್ತೆ ಹಳೇ ಹೆಸರೇ ಇಟ್ಕೊಳ್ಳೋಣ ಅಂತ. ಮನೆಯವಳಿಗೆ ಈಗ ಅದೇ ಇಷ್ಟ. ಟ್ರೆಂಡ್ ನೋಡು!" ಕನ್ನಡಕ ಸರಿಮಾಡಿಕೊಂಡ. "ನೀನು ಏನೋ ಅರ್ಥ ಹೇಳಿದ್ಯಲ್ಲ... ಹಡಗೋ, ದೋಣಿಯೋ? ಅವಳು ಕೇಳ್ತಿದ್ಲು. ನಂಗೆ ನೆನಪೇ ಇಲ್ಲ."

ಮರೆತೇಬಿಟ್ಟಿದ್ದ!

"ಅರ್ಥ ಏನಿಲ್ಲ ಸರ್. ತಾತನ ಕಾಲದ ಹೆಸರು, ಅಷ್ಟೆ."

ಅವಳು ಓದಲಿ ಎಂದು ಅವನು ಕಾದು ನಿಂತ. ಕೌಂಟರಿಗೆ ಬಂದ ದಿನದಿಂದ ಮುರಿಯದ ನಿಯಮವನ್ನು ಅವಳು ಅಂದು ಮುರಿದಳು. ಫಾರಂ ತಿರುಗಿಸಿ ಅವನ ಮುಂದಿಟ್ಟಳು.

"ನೀವೇ ಓದ್ಕೊಂಡು ಸೈನ್ ಮಾಡಿ."

ಅವನು ಸೈನ್ ಮಾಡಿ ರಸೀದಿ ಹಿಡಿದು ಬಾಗಿಲಿನ ಕಡೆ ನಡೆದ. ಮುಂದಿನ ಹೆಂಗಸು ಒಂದು ಫೋಟೋ ಕೊಟ್ಟಳು: ಎರಡೇ ಹಲ್ಲಿನ ನಗು, ಅದೇ ಹೆಸರು. ಅವಳು ಗಟ್ಟಿಯಾಗಿ ಓದಿದಳು.

"ಅರ್ಥ ಏನು ಮೇಡಂ? ಸೀರಿಯಲ್ ನೋಡಿ ಇಟ್ವಿ."

ಅವಳು ಮಗುವನ್ನೇ ನೋಡಿದಳು. ಇದೇನು ತಪ್ಪು ಮಾಡಿದೆ, ಪಾಪ? ಇದಕ್ಕಾದರೂ ಗೊತ್ತಿರಲಿ.

"ಎಲ್ಲರೂ ದಡ ಸೇರೋ ತನಕ ದೀಪ ಹಿಡ್ಕೊಂಡು ನಿಂತಿರೋನು."

"ಅಯ್ಯೋ, ಎಷ್ಟು ಚೆನ್ನಾಗಿದೆ!"

ಬಾಗಿಲ ಹತ್ತಿರ ಅವನು ಗಕ್ಕನೆ ನಿಂತ. ನೆನಪಾಯಿತೇ? ಅವನು ವಾಪಸ್ ಬಂದ, ಜೇಬಿನಿಂದ ಪೆನ್ನು ತೆಗೆದ, ರಸೀದಿಯನ್ನು ಮಗುಚಿ ಕೌಂಟರಿನ ಮೇಲಿಟ್ಟು ಬರೆಯತೊಡಗಿದ.

"ದಡ ಸೇರೋ ತನಕ... ಆಮೇಲೇನಂದೆ?"

ಒಂಬತ್ತು ವರ್ಷ ಅವನ ನೆನಪಿಗೆ ಅವಳು ಬರೀ ಅತ್ತಿದ್ದಳು. ಈಗ ಮೊದಲ ಸಲ ಕೋಪ ಬಂತು. ಕೋಪ ಇಳಿದಾಗ ಅದರ ಹಿಂದೆ ಏನೂ ಉಳಿದಿರಲಿಲ್ಲ.

"ಮುಂದಿನವರು ಬನ್ನಿ," ಎಂದು ಕೂಗಿದಳು.