ಎಲೆಯ ತುದಿಯ ಉಪ್ಪು

"ನನಗೊಬ್ಬವಗ ಸಾರು, ಪಲ್ಯ ಉಪ್ಪಿಲ್ಲದ ಬ್ಯಾರೆ ಮಾಡಿ ಕೊಡ್ತೀರೇನ್ರಿ?"

ಸಾರಿನ ಸೌಟು ಹಿಡಿದು ಬಾಗಿದ್ದ ನಿರುಪಮಾಳ ಕೈ ಅಲ್ಲೇ ನಿಂತುಬಿಟ್ಟಿತು.

ಪಂಕ್ತಿಯಲ್ಲಿ ಕುಳಿತಿದ್ದ ಹನ್ನೆರಡು ಮಂದಿಯೂ ಉಣ್ಣುವುದನ್ನು ಬಿಟ್ಟು ತಲೆಯೆತ್ತಿದರು. ಕೇಳಿದವನು ಅಂದೇ ಮೊದಲ ಸಲ ಬಂದವನು. ಇಪ್ಪತ್ತಾರರ ವಯಸ್ಸು, ಅಂಗಿಯ ತೋಳಿಗೆ ಹಲಗೆಗೆ ಬರೆಯುವ ಖಡುವಿನ ಪುಡಿ, ಹೆಸರು ತ್ರ್ಯಂಬಕ. ಸಾಲೆಯ ಮಾಸ್ತರ. ಪಾಪ, ತಾನು ಏನು ಕೇಳಿಬಿಟ್ಟೆ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅದು ಸಾವಿರದ ಒಂಬೈನೂರಾ ಮೂವತ್ತರ ಮಾರ್ಚ್ ತಿಂಗಳು. ಧಾರವಾಡದ ಮಾಳಮಡ್ಡಿಯ ಗೋದಾಬಾಯಿಯ ಖಾನಾವಳಿಯ ಊಟ ಎಷ್ಟು ಹೆಸರುವಾಸಿಯೋ, ಅಲ್ಲಿಯ ಒಂದು ನಿಯಮವೂ ಅಷ್ಟೇ ಹೆಸರುವಾಸಿ. ಯಾರಿಗೂ ಏನನ್ನೂ ಬೇರೆ ಮಾಡಿ ಕೊಡುವುದಿಲ್ಲ! ಖಾರ ಕಡಿಮೆ ಮಾಡಿರೆಂದ ವಕೀಲರೊಬ್ಬರು ತಂಬಿಗೆಗಟ್ಟಲೆ ನೀರು ಕುಡಿದು ರೂಢಿ ಮಾಡಿಕೊಂಡಿದ್ದರು. ಬದನೆಕಾಯಿ ಒಲ್ಲೆನೆಂದ ತಬಲಾ ಮಾಸ್ತರರು ಈಗ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಕಚೇರಿಯ ಶಿರಸ್ತೇದಾರ ಯಜ್ಞೇಶ್ವರರಾಯರಂಥವರೇ ಒಮ್ಮೆ ಪಾಯಸ ಕೇಳಿ, ಎಲ್ಲರಿಗೂ ಮಾಡಿದ ದಿನ ನಿಮಗೂ ಬರುತ್ತದೆ ಎಂಬ ಉತ್ತರ ಪಡೆದು ಮೀಸೆ ಒರೆಸಿಕೊಂಡು ಹೋಗಿದ್ದರು.

ಇದು ಗೋದಾಬಾಯಿಯ ಸೊಕ್ಕಲ್ಲ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಆಕೆ ಭಾವನ ಮನೆಯಲ್ಲಿ ಹನ್ನೊಂದು ವರ್ಷ ಕಳೆದಿದ್ದಳು. ಅಲ್ಲಿ ಒಂದೇ ಒಲೆಯ ಮೇಲೆ ಎರಡು ಅನ್ನ ಬೇಯುತ್ತಿದ್ದವು. ಸಣ್ಣಕ್ಕಿಯದು ಮನೆಯವರಿಗೆ, ನುಚ್ಚಿನದು ಅವಳಿಗೆ. ತನ್ನದೇ ಒಲೆ ಹೂಡಿದ ದಿನ ಆಕೆ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು, ಇಲ್ಲಿ ಎಲ್ಲರಿಗೂ ಒಂದೇ ಪಾತ್ರೆ ಎಂದು.

ಆದರೆ ಅಂದು ನಿರುಪಮಾಳಿಗೆ ಚುಚ್ಚಿದ್ದು ನಿಯಮದ ಮಾತಲ್ಲ... ಉಪ್ಪಿನ ಮಾತು.

ತಾಯಿ ಇಲ್ಲದ ನಿರುಪಮಾಳನ್ನು ಸಾಕಿದವಳು ತಾಯಿಯ ಅಕ್ಕ, ಮಾವಶಿ ಗೋದಾಬಾಯಿ. ಈ ಅಡುಗೆಮನೆಯಲ್ಲಿ ಉಪ್ಪು ಹಾಕುವ ಕೈ ಅವಳದೇ. ಎರಡು ವರ್ಷದ ಹಿಂದೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಅವಳ ಬಣ್ಣ ನೋಡಿ ಮುಖ ಕಿವುಚಿ, ಬಾಯಲ್ಲಿ ಮಾತ್ರ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾಯಿತೆಂದು ಹೇಳಿ ಎದ್ದು ಹೋಗಿದ್ದರು. ಓಣಿಯವರು ಬಣ್ಣದ ಮಾತು ಮರೆತರು, ಉಪ್ಪಿನದನ್ನು ಮಾತ್ರ ಮರೆಯಲಿಲ್ಲ.

'ಇವನಿಗೂ ಯಾರೋ ಹೇಳ್ಯಾರ. ನಾಕು ಮಂದಿ ಮುಂದ ಅಣಕಸ್ಲಿಕ್ಕೆ ಬಂದಾನ...'

ಅವಳ ಕಿವಿ ಬಿಸಿಯಾಯಿತು. "ನಮ್ಮಲ್ಲಿ ಬ್ಯಾರೆ ಮಾಡಿ ಕೊಡೂದಿಲ್ಲರಿ," ಎಂದಳು. "ಉಪ್ಪಿಗೆ ಅಷ್ಟ ಅಂಜಿಕಿ ಇದ್ರ ನಿಮ್ಮ ಮನ್ಯಾಗ ಉಣ್ರಿ."

ಪಂಕ್ತಿಯಲ್ಲಿ ನಗೆ ಎದ್ದಿತು. ತ್ರ್ಯಂಬಕ ಕೆಂಪಾದ. ತಪ್ಪಾಯಿತೆಂದು ಮೆಲ್ಲಗೆ ಹೇಳಿ, ಎಲೆಯ ತುದಿಗೆ ಬಡಿಸಿದ್ದ ಚಿಟಿಕೆ ಉಪ್ಪನ್ನು ಮುಟ್ಟದೆ, ಜೋಳದ ಭಕ್ರಿಯನ್ನು ಬರೀ ಮೊಸರಲ್ಲಿ ಅದ್ದಿಕೊಂಡು ತಿಂದು ಎದ್ದುಹೋದ.

ಇನ್ನು ಈ ಕಡೆ ಸುಳಿಯುವುದಿಲ್ಲ ಎಂದುಕೊಂಡಳು ನಿರುಪಮಾ.

ಮರುದಿನ ಬಂದ! ಅದರ ಮರುದಿನವೂ ಬಂದ. ದಿನಾಲೂ ಅದೇ ಭಕ್ರಿ, ಅದೇ ಮೊಸರು. ಅವಳು ಹಟಕ್ಕೆ ಬಿದ್ದು ಎರಡು ಸೌಟು ಸಾರು ಸುರಿದರೆ, ಒಂದು ಮಾತೂ ಆಡದೆ ಹಾಗೇ ಬಿಟ್ಟು ಏಳುತ್ತಿದ್ದ. ಎಲೆ ತೆಗೆಯುವಾಗ ತಾನು ಮಾಡಿದ ಪಲ್ಯ ಇಟ್ಟಲ್ಲೇ ಇರುವುದನ್ನು ಕಂಡು ಅವಳಿಗೆ ಅಳು ಬರುತ್ತಿತ್ತು.

'ನಾಚಿಕಿ ಅನ್ನೂದ ಇಲ್ಲೇನು ಈ ಮನಷಾಗ?'

ಹೀಗೆ ಬೈದುಕೊಳ್ಳುತ್ತಲೇ, ಹನ್ನೊಂದು ಗಂಟೆಯಾಗುತ್ತಿದ್ದಂತೆ ಅವಳ ಕಣ್ಣು ಬಾಗಿಲಿಗೆ ಹೋಗುತ್ತಿತ್ತು. ಅವನ ಮುಖ ಇಳಿದದ್ದು, ಅಂಗಿಯ ಕೊರಳು ಸಡಿಲಾದದ್ದು ಅವಳಿಗೆ ಕಾಣುತ್ತಿತ್ತು. ಕಾಣಬಾರದೆಂದರೂ ಕಾಣುತ್ತಿತ್ತು.

ಎರಡು ವಾರ ಕಳೆದಿರಬೇಕು. ಒಂದು ದಿನ ಎಲ್ಲರೂ ಎದ್ದು ಹೋದ ಮೇಲೆ, ಹಿತ್ತಲ ಬಾವಿಯ ಹತ್ತಿರ ಕೈ ತೊಳೆಯುತ್ತಿದ್ದ ತ್ರ್ಯಂಬಕ ತಲೆ ಸುತ್ತಿ ಬಾವಿಯ ಕಟ್ಟೆ ಹಿಡಿದು ಕುಳಿತ. ನಿರುಪಮಾ ಓಡಿ ಹೋಗಿ ಒಂದು ಲೋಟ ಮಜ್ಜಿಗೆ ತಂದು ಕೊಟ್ಟಳು. ಅವನು ಅದನ್ನು ತುಟಿಯವರೆಗೆ ಒಯ್ದು, ಉಪ್ಪು ಹಾಕಿದ್ದೀರಾ ಎಂದು ಕೇಳಿದ.

ಅಷ್ಟೇ... ಅವಳ ಸಹನೆಯ ಕಟ್ಟೆ ಒಡೆಯಿತು.

"ಆ ಉಪ್ಪಿಟ್ಟಿನ ಸುದ್ದಿ ನಿಮಗ ಯಾರು ಹೇಳಿದ್ರು?" ಅವಳು ಕೇಳಿದಳು. "ಎರಡು ವರ್ಷ ಆತ್ರಿ. ಇನ್ನೂ ಎಷ್ಟು ದಿವಸ ಅಣಕಸ್ತೀರಿ ನೀವೆಲ್ಲಾ?"

ತ್ರ್ಯಂಬಕ ಕಣ್ಣು ಬಿಟ್ಟು ನೋಡಿದ. ಯಾವ ಉಪ್ಪಿಟ್ಟು, ಯಾವ ಸುದ್ದಿ, ಅವನಿಗೆ ಒಂದೂ ಗೊತ್ತಿರಲಿಲ್ಲ. ಅವಳೇ ಅಳುತ್ತ ಹೇಳಿದ ಮೇಲೆ ತಿಳಿಯಿತು. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ.

"ಸಮುದ್ರದ ನೀರಿಗೆ ಬಿಸಲು ಬಿದ್ರ ಉಪ್ಪಾಗ್ತದ. ಅದನ್ನ ನಮ್ಮ ಮಂದಿ ಕೈಲೆ ಎತ್ತಿಕೊಂಡ್ರ ಅಪರಾಧ ಅಂತ. ಸರಕಾರ ಕರ ಹಾಕಿ ಮಾರಿದ್ದನ್ನ ತಿನ್ನಬೇಕಂತ. ಮಹಾತ್ಮರು ಸಮುದ್ರದ ಕಡೆ ನಡೀಲಿಕ್ಕೆ ಹತ್ತಿದ ದಿವಸ ನಾನೂ ಒಂದು ಆಣಿ ಮಾಡಿಕೊಂಡೆ. ನಮ್ಮ ಕೈಲೆ ಮಾಡಿದ ಉಪ್ಪು ಸಿಗೂತನಕ ಆ ಉಪ್ಪು ಮುಟ್ಟೂದಿಲ್ಲ."

ಪಂಕ್ತಿಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅಲ್ಲಿ ಕಚೇರಿಯ ಮಂದಿ ಕುಳಿತಿರುತ್ತಾರೆ, ತನಗೆ ಏನಾದರೂ ಆಗಲಿ, ಖಾನಾವಳಿಗೆ ತೊಂದರೆಯಾಗಬಾರದು ಎಂದ. ಕೋಣೆಯಲ್ಲಿ ಅಡುಗೆ ಮಾಡಿಕೊಳ್ಳೋಣವೆಂದರೆ ಈ ದೇಶಭಕ್ತರಿಗೆ ಅನ್ನ ಬೇಯಿಸಲೂ ಬರುತ್ತಿರಲಿಲ್ಲ. ಬೇರೆ ಎರಡು ಖಾನಾವಳಿಗಳಲ್ಲಿ ಆಗಲೇ ಇಲ್ಲವೆನ್ನಿಸಿಕೊಂಡು ಬಂದಿದ್ದ.

"ಮತ್ತ ಬೈಸಿಕೊಂಡೂ ಇಲ್ಲೇ ಯಾಕ ಬಂದ್ರಿ?"

"ಅಲ್ಲೆ ನಕ್ಕರು. ನೀವು ಸಿಟ್ಟಾದ್ರಿ." ಅವನು ನೆಲ ನೋಡುತ್ತ ಹೇಳಿದ. "ಅಡಿಗಿ ಮ್ಯಾಲೆ ಇಷ್ಟು ಜೀವ ಇಟ್ಟವರ ಮನ್ಯಾಗ ಬರೇ ಭಕ್ರಿ ತಿಂದ್ರೂ ಸಾಕು ಅನಿಸ್ತು."

ನಿರುಪಮಾ ಒಳಗೆ ಹೋದಳು.

ಒಲೆಯ ಪಕ್ಕದಲ್ಲಿ ಉಪ್ಪಿನ ಗಡಿಗೆ ಇತ್ತು. ಮುಚ್ಚಳ ತೆಗೆದು ನೋಡಿದಳು. ದಿನಕ್ಕೆ ಹತ್ತು ಸಲ ಕೈ ಹಾಕುವ ಗಡಿಗೆ! ಎಲ್ಲೋ ಅವಳು ಕಾಣದ ಸಮುದ್ರ, ಅದರ ಮೇಲೆ ಬಿದ್ದ ಬಿಸಿಲು, ಅದನ್ನು ಕಾಯುವ ಪೊಲೀಸರು, ಅದರ ಕಡೆಗೆ ನಡೆಯುತ್ತಿರುವ ಜನ... ಎಲ್ಲವೂ ಈ ಕರಿ ಗಡಿಗೆಯೊಳಗೆ ಇತ್ತೇ? ಅಷ್ಟು ದೊಡ್ಡದರ ಎದುರು ಒಬ್ಬ ಬಡ ಮಾಸ್ತರ ಬರೀ ಭಕ್ರಿ ತಿನ್ನುತ್ತ, ಯಾರಿಗೂ ಹೇಳದೆ ನಿಂತಿದ್ದನೇ? ಬಹಳ ಹೊತ್ತು ಆ ಗಡಿಗೆಯ ಮುಂದೆ ಕುಳಿತೇ ಇದ್ದಳು.

ಅವನಿಗೆ ಬೇರೆ ಮಾಡಿ ಕೊಡಬಹುದೇ? ಮಾವಶಿ ಉಂಡ ನುಚ್ಚಿನ ಅನ್ನ ನೆನಪಾಯಿತು. ಬೇರೆ ಮಾಡುವಂತಿಲ್ಲ. ಹಾಗಾದರೆ...

ಮರುದಿನ ಪಂಕ್ತಿ ಕುಳಿತಿತು. ಎಂದಿನಂತೆ ಎಲ್ಲರ ಎಲೆಯ ತುದಿಗೆ ಮೊದಲು ಉಪ್ಪು ಬಂತು. ಆಮೇಲೆ ಪಲ್ಯ, ಭಕ್ರಿ, ಸಾರು. ಯಜ್ಞೇಶ್ವರರಾಯರು ಮೊದಲ ತುತ್ತಿಗೇ ಹುಬ್ಬು ಗಂಟಿಕ್ಕಿದರು. ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೂ ಇಲ್ಲ ಎಂದು ಗೋದಾಬಾಯಿಯನ್ನು ಕರೆದರು.

ನಿರುಪಮಾ ಬಾಗಿಲ ಕಡೆ ನೋಡಿದಳು.

ಗೋದಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ತಂಗಿಯ ಮಗಳ ಬಿಳಿಚಿದ ಮುಖ ಕಂಡಳು. ಪಂಕ್ತಿಯ ಕೊನೆಯಲ್ಲಿ, ಎರಡು ವಾರದಲ್ಲಿ ಮೊದಲ ಸಲ ಸಾರು ಕಲಸಿಕೊಂಡು ಅನ್ನ ಉಣ್ಣುತ್ತಿದ್ದ ಮಾಸ್ತರನನ್ನೂ, ಅವನ ತುಂಬಿದ ಕಣ್ಣನ್ನೂ ಕಂಡಳು. ಆಕೆ ದಡ್ಡಿಯಲ್ಲ. ಸೆರಗು ಸರಿಮಾಡಿಕೊಂಡಳು.

"ಎಲಿ ತುದಿಗೆ ಉಪ್ಪದ ಅಲ್ರಿ ರಾಯರ. ಬೇಕಾದವರು ಕಲಿಸಿಕೊಳ್ರಿ. ಇನ್ನಮ್ಯಾಲೆ ಅಡಿಗಿ ಹಿಂಗ. ಒಬ್ಬರಿಗಂತ ಬ್ಯಾರೆ ಮಾಡೂ ಪದ್ಧತಿ ನಮ್ಮಲ್ಲಿಲ್ಲ."

ರಾಯರು ಉಪ್ಪು ಕಲಸಿಕೊಂಡು ಉಂಡರು. ಬೇರೆ ದಾರಿ ಏನಿತ್ತು!

ಅಂದು ಎಲೆ ತೆಗೆಯುವಾಗ ಒಂದೇ ಒಂದು ಎಲೆಯ ತುದಿಯಲ್ಲಿ ಉಪ್ಪು ಹಾಗೇ ಇತ್ತು. ಅದು ತ್ರ್ಯಂಬಕನದು.

ಮೂರನೆಯ ದಿನ ಎರಡು ಎಲೆಗಳಲ್ಲಿ ಉಳಿಯಿತು. ತಬಲಾ ಮಾಸ್ತರರು ಏನೂ ಹೇಳದೆ ಸಪ್ಪೆ ಸಾರು ಉಂಡು ಎದ್ದಿದ್ದರು. ಆಮೇಲೆ ನಾಲ್ಕು ಎಲೆ, ಆಮೇಲೆ ಏಳು. ಯಾರೂ ಯಾರಿಗೂ ಹೇಳಲಿಲ್ಲ, ಯಾರೂ ಭಾಷಣ ಮಾಡಲಿಲ್ಲ. ಮಾಸ್ತರ ಉಪ್ಪು ಬಿಟ್ಟದ್ದೇಕೆಂದು ಊಹಿಸುವ ಗುಸುಗುಸು ಮಾತ್ರ ಓಣಿಯಲ್ಲಿ ಇತ್ತು. ಒಂದು ಮಧ್ಯಾಹ್ನ ನಿರುಪಮಾ ಮೊದಲ ಎಲೆಗೆ ಬಾಗಿದವಳು ಹಾಗೇ ನಿಂತಳು. ಅದು ಸರಕಾರಿ ಶಿರಸ್ತೇದಾರ ಯಜ್ಞೇಶ್ವರರಾಯರ ಎಲೆ. ಉಳಿದದ್ದೆಲ್ಲ ಖಾಲಿಯಾಗಿತ್ತು. ತುದಿಯಲ್ಲಿ ಚಿಟಿಕೆ ಉಪ್ಪು ಬಡಿಸಿದಂತೆಯೇ ಇತ್ತು.

ಅವಳು ಆ ಎಲೆಗೆ ಕೈ ಮುಗಿದಳು. ಎಂಜಲೆಲೆಗೆ ಕೈ ಮುಗಿದ ಹುಡುಗಿಯನ್ನು ಧಾರವಾಡದಲ್ಲಿ ಅದಕ್ಕೂ ಮೊದಲು ಯಾರೂ ಕಂಡಿರಲಿಕ್ಕಿಲ್ಲ.

ಏಪ್ರಿಲ್ ಎರಡನೇ ವಾರ ತ್ರ್ಯಂಬಕ ಸಾಲೆಯ ಕೆಲಸ ಬಿಟ್ಟು, ಉಪ್ಪು ಮಾಡಲು ಅಂಕೋಲೆಗೆ ಹೊರಟ. ಗೋದಾಬಾಯಿಗೆ ನಮಸ್ಕಾರ ಮಾಡಿ ಹೊರಗೆ ಬಂದವನು ತುಳಸಿ ಕಟ್ಟೆಯ ಹತ್ತಿರ ನಿಂತ.

"ಸಮುದ್ರ ನೋಡೀರೇನು?" ಎಂದು ನಿರುಪಮಾಳನ್ನು ಕೇಳಿದ.

"ಇಲ್ಲ."

"ನಾನೂ ನೋಡಿಲ್ಲ. ನೋಡಿ ಬಂದು ಹ್ಯಾಂಗಿರ್ತದ ಹೇಳ್ತೇನಿ."

ಅಷ್ಟೇ. ಕಾಯುತ್ತೀರಾ ಎಂದು ಅವನು ಕೇಳಲಿಲ್ಲ, ಕಾಯುತ್ತೇನೆಂದು ಅವಳೂ ಹೇಳಲಿಲ್ಲ.

ಹತ್ತು ದಿನಕ್ಕೆ ಯಜ್ಞೇಶ್ವರರಾಯರು ಕೈ ತೊಳೆಯುತ್ತ, ಯಾರಿಗೂ ಅಲ್ಲವೆಂಬಂತೆ, ಮಾಸ್ತರನಿಗೆ ನಾಲ್ಕು ತಿಂಗಳ ಸಜೆಯಂತೆ ಎಂದರು. ನಿರುಪಮಾ ಎಲೆ ತೆಗೆಯುವುದನ್ನು ಬಿಟ್ಟು ನಿಂತಳು. ಸೆರೆಮನೆಯಲ್ಲಿ ಏನು ಕೊಡುತ್ತಾರೋ, ಅಲ್ಲಿಯೂ ಉಪ್ಪು ಬೇಡವೆಂದು ಬರೀ ರೊಟ್ಟಿ ತಿನ್ನುತ್ತಾನೋ... ಬದುಕಿ ಬಂದರೂ ಇಲ್ಲಿಗೇ ಬರುತ್ತಾನೆಂದು ಯಾವ ನಂಬಿಕೆ? ಅವನು ಅವಳಿಗೆ ಕೊಟ್ಟು ಹೋದ ಮಾತು ಒಂದು ಸಮುದ್ರದ ಸುದ್ದಿ ಮಾತ್ರ.

ಏಪ್ರಿಲ್ ಹೋಯಿತು, ಮೇ ಹೋಯಿತು. ಮುಂಗಾರು ಬಂದು ಮಾಳಮಡ್ಡಿಯ ಕೆಂಪು ಮಣ್ಣು ಕೆಸರಾಯಿತು. ಖಾನಾವಳಿಯ ಅಡುಗೆ ಮಾತ್ರ ಸಪ್ಪೆಯಾಗಿಯೇ ನಡೆಯಿತು, ಉಪ್ಪು ಎಲೆಯ ತುದಿಗೆ ಮಾತ್ರ ಬೀಳುತ್ತಿತ್ತು. ಒಬ್ಬೊಬ್ಬರಾಗಿ ಪಂಕ್ತಿಯ ಎಲ್ಲರೂ ಮತ್ತೆ ಕಲಸಿಕೊಳ್ಳತೊಡಗಿದ್ದರು. ಅವರದೇನೂ ತಪ್ಪಿಲ್ಲ, ನಾಲಿಗೆ ಎಲ್ಲರಿಗೂ ಇದೆ.

ಶ್ರಾವಣದ ಒಂದು ಬೆಳಿಗ್ಗೆ ಅಡುಗೆಮನೆಯ ಹಿಂಬಾಗಿಲಲ್ಲಿ ನೆರಳು ಬಿತ್ತು.

ಗಡ್ಡ ಬಿಟ್ಟ, ಅರ್ಧ ಇಳಿದುಹೋದ ತ್ರ್ಯಂಬಕ ನಿಂತಿದ್ದ! ನಿರುಪಮಾಳ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

ಅವನು ಬಾಳೆಲೆಯಲ್ಲಿ ಸುತ್ತಿದ ಸಣ್ಣ ಪೊಟ್ಟಣ ಬಿಚ್ಚಿದ. ಒಳಗೆ ಮಣ್ಣು ಬಣ್ಣದ ಹರಳು ಹರಳು ಉಪ್ಪು. ಪೊಲೀಸರು ಹಿಡಿಯುವ ಮೊದಲು ಅಂಕೋಲೆಯ ಒಬ್ಬ ಅಜ್ಜಿ ಅದನ್ನು ತನ್ನ ಅಕ್ಕಿಯ ಮಡಕೆಯಲ್ಲಿ ಬಚ್ಚಿಟ್ಟಿದ್ದಳು. ಬಿಡುಗಡೆಯಾದವನು ನೆಟ್ಟಗೆ ಧಾರವಾಡಕ್ಕೆ ಬಾರದೆ, ಘಟ್ಟ ಇಳಿದು ಅವಳ ಮನೆಗೆ ಹೋಗಿ ಅದನ್ನು ತಂದಿದ್ದ.

"ಬಾಯಾರ, ಇದನ್ನ ಇವತ್ತಿನ ಸಾರಿಗೆ ಹಾಕಸ್ರಿ," ಎಂದು ಗೋದಾಬಾಯಿಗೆ ಹೇಳಿದ. "ನನಗೊಬ್ಬವಗ ಅಲ್ಲ. ಎಲ್ಲಾರಿಗೂ."

ನಿರುಪಮಾ ಕೈ ನೀಡಿದಳು. ಅಂಗೈಯಲ್ಲಿ ಬಿದ್ದ ಆ ಹರಳುಗಳನ್ನು ನೋಡಿದಳು. ಇದು ಅವನು ಮಾಡಿದ್ದು. ಇದಕ್ಕಾಗಿ ಅಷ್ಟು ಜನ ಪೆಟ್ಟು ತಿಂದಿದ್ದು. ತಿಂಗಳುಗಟ್ಟಲೆ ಉಪ್ಪು ಹಾಕದ ಅವಳ ಕೈಗೆ ಅಳತೆ ಮರೆತಿರಲಿಲ್ಲ. ಕಣ್ಣು ಮುಚ್ಚಿ ಹಾಕಿದಳು.

ಪಂಕ್ತಿ ಕುಳಿತಿತು. ಯಜ್ಞೇಶ್ವರರಾಯರು ತುತ್ತು ಬಾಯಿಗಿಟ್ಟು, ಉಪ್ಪು ಹದವಾಗಿದೆ ಎಂದರು. ತಬಲಾ ಮಾಸ್ತರರೂ ತಲೆದೂಗಿದರು.

ತ್ರ್ಯಂಬಕನೊಬ್ಬ ಮಾತ್ರ ಒಂದು ಗುಟುಕಿಗೆ ಕೆಮ್ಮಿ, ನೀರಿನ ತಂಬಿಗೆಗೆ ಕೈ ಹಾಕಿದ.

"ಉಪ್ಪು ಹೆಚ್ಚಾತೇನ್ರಿ?" ನಿರುಪಮಾಳ ಮುಖ ಬಾಡಿತು. ಎರಡು ವರ್ಷದ ಹಳೆಯ ಮಾತು ಇಂದೇ ಬರಬೇಕೇ!

ತನ್ನ ನಾಲಿಗೆಗೆ ರೂಢಿ ತಪ್ಪಿದೆ, ಅವಳ ತಪ್ಪೇನೂ ಇಲ್ಲ ಎಂದು ಅವನು ಗಡಬಡಿಸಿ ಹೇಳಿದ. ಅವಳಿಗೆ ನಂಬಿಕೆ ಬರಲಿಲ್ಲ. ಸೌಟಿನಿಂದ ಒಂದು ಹನಿ ಸಾರನ್ನು ಅಂಗೈಗೆ ಹಾಕಿಕೊಂಡು ಬಾಯಿಗಿಟ್ಟಳು.

ಅವಳ ಮುಖವೂ ಹುಬ್ಬಿನ ತನಕ ಕಿವುಚಿತು. ಕಣ್ಣಲ್ಲಿ ನೀರು ಬಂತು.

ಹನ್ನೆರಡು ಮಂದಿಗೆ ಹದವಾದ ಸಾರು ಇಬ್ಬರಿಗೆ ಮಾತ್ರ ಉಪ್ಪಾಗಿತ್ತು.

ತ್ರ್ಯಂಬಕ ಎತ್ತಿದ ತಂಬಿಗೆಯನ್ನು ಹಾಗೇ ಹಿಡಿದು ಅವಳನ್ನೇ ನೋಡಿದ. ಅವನಿಗೆ ಅರ್ಥವಾಗುತ್ತಾ ಹೋಯಿತು. "ನೀವೂ...? ಎಂದಿನಿಂದ?"

ಅವಳು ಸೌಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ನೀವು ಹೋದ ದಿವಸದಿಂದ."

ಬಾಗಿಲಲ್ಲಿದ್ದ ಗೋದಾಬಾಯಿ, ತನಗೆ ಇದೆಲ್ಲ ಎಂದೋ ಗೊತ್ತಿತ್ತು ಎಂಬಂತೆ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಎಲ್ಲರೂ ಎದ್ದು ಹೋದರೂ ತ್ರ್ಯಂಬಕ ಎಲೆಯ ಮುಂದೆ ಕುಳಿತೇ ಇದ್ದ.

"ಸಮುದ್ರ ಹ್ಯಾಂಗದ? ಹೇಳ್ತೇನಿ ಅಂದಿದ್ರಿ," ಎಂದಳು ನಿರುಪಮಾ.

"ದಾರಿ ತುಂಬ ಮಾತು ಜೋಡಿಸಿಕೊಂಡು ಬಂದೆ. ಒಂದೂ ಸಾಲೂದಿಲ್ಲ," ಎಂದ ಅವನು. ಆಮೇಲೆ ಗೋದಾಬಾಯಿಯ ಕಡೆ ತಿರುಗಿದ. "ಬಾಯಾರ, ಇವರನ್ನ ಕರಕೊಂಡು ಹೋಗಿ ತೋರಸಬೇಕಂತೇನಿ. ನನ್ನ ಹೇಣ್ತಿ ಆಗಿ. ಇದೊಂದು ಮಾತ್ರ ನನಗೊಬ್ಬವಗ ಬೇಕರಿ."

ಗೋದಾಬಾಯಿ ಅವನನ್ನು ನೋಡಿದಳು. ಇಷ್ಟು ವರ್ಷದಲ್ಲಿ ಯಾರ ಬೇಡಿಕೆಗೂ ಹೂಂ ಎನ್ನದ ಬಾಯಿ ಅದು.

"ಅದನ್ನ ನನ್ನ ಕೇಳಬ್ಯಾಡ್ರಿ, ಆಕಿನ್ನ ಕೇಳ್ರಿ. ಆಕಿ ಹೂಂ ಅಂದ್ರ ನನ್ನ ಪದ್ಧತಿ ಅಡ್ಡ ಬರೂದಿಲ್ಲ."

ಹೇಳಿ ಆಕೆ ಒಳಗೆ ಹೋದಳು. ತ್ರ್ಯಂಬಕ ಅವಳ ಕಡೆ ತಿರುಗಿದ. ಎಲೆಯನ್ನು ಮುಂದೆ ಸರಿಸಿದ.

"ಇನ್ನೊಂದು ಸೌಟು ಸಾರು ಹಾಕ್ರಿ."

"ನಿಮಗ ಉಪ್ಪಾಗೇದಲ್ಲ..."

"ರೂಢಿ ಮಾಡಿಕೊಳ್ಳಬೇಕಲ್ಲ," ಎಂದು ಅವನು ಮೆಲ್ಲಗೆ ನಕ್ಕ. "ನನಗೊಬ್ಬವಗ ಆಗೂದಿಲ್ಲ."

ನಿರುಪಮಾ ಅವನ ಎಲೆಗೆ ಒಂದು ಸೌಟು ಬಡಿಸಿದಳು. ಆಮೇಲೆ ಇನ್ನೊಂದು ಎಲೆ ತಂದು, ಅವನ ಎದುರಿಗೆ ಹಾಸಿ, ತಾನೂ ಉಣ್ಣಲು ಕುಳಿತಳು.

"ಹಂಗಾರ ಇಬ್ಬರೂ ಕೂಡೇ ರೂಢಿ ಮಾಡಿಕೊಳ್ಳೋಣು," ಎಂದಳು.